ಆಸ್ಪತ್ರೆಯ ಹಿಂದಿನ ಓಣಿಗೆ ಬಂದ ತವರು

ಬಾಗಿಲಿಗೆ ಬೋರ್ಡು ಹೊಡೆದ ದಿನವೇ ನನಗೆ ಅನುಮಾನ ಬಂದಿತ್ತು. ‘ಮಿಡ್‌ವೈಫ್ ಆರೈಕೆ ಕೊಠಡಿ’ ಎಂದು ನೀಲಿ ಅಕ್ಷರ. ಓದಲು ಬರುವವರು ಓದಿ ಸುಮ್ಮನೆ ಮುಂದೆ ಹೋದರು. ಓದಲು ಬಾರದವರು ನಿಂತು, “ಇಲ್ಲೇನ್ ಮಾಡ್ತಾರ್ರೀ?” ಎಂದು ಕೇಳಿದರು. ನರ್ಸಿಂಗ್ ಮುಗಿದ ಮೇಲೆ ಹೆರಿಗೆ ಮಾಡಿಸುವುದಕ್ಕೆಂದೇ ನನಗೆ ಮತ್ತೆ ಒಂದೂವರೆ ವರ್ಷ ತರಬೇತಿ ಕೊಟ್ಟಿದ್ದಾರೆ, ತೊಂದರೆಯಿಲ್ಲದ ಬಸುರಿಯರನ್ನು ಮೊದಲಿಂದ ಕೊನೆಯವರೆಗೆ ನಾನೇ ನೋಡಿಕೊಳ್ಳುತ್ತೇನೆ, ತೊಂದರೆ ಕಂಡರೆ ಡಾಕ್ಟರಿಗೆ ಒಪ್ಪಿಸುತ್ತೇನೆ ಎಂದು ವಿವರಿಸುತ್ತಿದ್ದೆ. ಒಬ್ಬಾಕೆ ಎಲ್ಲವನ್ನೂ ಕೇಳಿಸಿಕೊಂಡು, “ಅಂದ್ರ ಡಾಕ್ಟ್ರು ಇಲ್ಲ ಅಂದಂಗಾತು” ಎಂದು ಎದ್ದು ಹೋದಳು.

ಆಸ್ಪತ್ರೆ ಯಾವುದು ಎಂದು ಹೇಳುವುದಿಲ್ಲ. ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಹೋಗುವ ದಾರಿಗೆ ಹತ್ತಿರ ಎಂದರೆ ಸಾಕು. ಕೋಣೆ ದೊಡ್ಡದೇನಲ್ಲ. ತಗ್ಗಾದ ಒಂದು ಮಂಚ, ನೆಲಕ್ಕೆ ದಪ್ಪ ಚಾಪೆ, ಕುಳಿತು ಸೊಂಟ ಆಡಿಸಲು ಗಾಳಿ ತುಂಬಿದ ದೊಡ್ಡ ಚೆಂಡು, ಬೇನೆ ಬಂದಾಗ ಹಿಡಿದು ಜೋತು ಬೀಳಲು ತೊಲೆಗೆ ಕಟ್ಟಿದ ಹಗ್ಗ. ಕಾಲು ಮೇಲೆತ್ತಿ ಕಟ್ಟುವ ಕಬ್ಬಿಣದ ಟೇಬಲ್ ಮಾತ್ರ ಇರಲಿಲ್ಲ. ಅದು ಇಲ್ಲದಿರುವುದೇ ಆ ಕೋಣೆಯ ವಿಶೇಷವಾಗಿತ್ತು.

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ: ಬಸುರಿಯನ್ನು ಮೂರನೇ ತಿಂಗಳಿಂದ ನೋಡಿಕೊಂಡವಳೇ ಹೆರಿಗೆಯನ್ನೂ ಮಾಡಿಸಬೇಕು. ಗುರುತಿನ ಕೈ ಮುಟ್ಟಿದರೆ ಅರ್ಧ ನೋವು ಕಡಿಮೆ ಎನ್ನುತ್ತಿದ್ದರು ನಮ್ಮ ಗುರುಗಳು. ಅವರು ನಮ್ಮ ಕಡೆಯವರಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳಕ್ಕೋ ಒಂಬತ್ತಕ್ಕೋ ಸೀಮಂತದ ಕುಬಸ ಮಾಡಿ, ಉಡಿ ತುಂಬಿ, ಹೆಣ್ಣಿನವರು ಬಂದು ಕರೆದುಕೊಂಡು ಹೋಗುತ್ತಾರೆ. ನಾನು ತಿಂಗಳುಗಟ್ಟಲೆ ಹೊಟ್ಟೆ ಅಳೆದು, ರಕ್ತ ನೋಡಿ, ಹೆದರಿಕೆ ಬಿಡಿಸಿ ಅಣಿ ಮಾಡಿದ ಹುಡುಗಿಯರೆಲ್ಲ ಬೇರೆ ಯಾವುದೋ ಊರಿನಲ್ಲಿ, ಮುಖ ನೋಡದವರ ಕೈಯಲ್ಲಿ ಹೆರುತ್ತಿದ್ದರು. ನನ್ನ ಬಾಗಿಲಿಗೆ ಒಂಬತ್ತು ತುಂಬಿ ಬರುತ್ತಿದ್ದವರು ಇನ್ಯಾರೋ ನೋಡಿಕೊಂಡ ಹುಡುಗಿಯರು. ಈ ಅದಲುಬದಲನ್ನು ಯಾವ ಪಾಠದಲ್ಲೂ ಬರೆದಿರಲಿಲ್ಲ. ತಿಂಗಳ ಸಭೆಯಲ್ಲಿ ಇದನ್ನು ಎತ್ತಿದರೆ ಮೇಲಿನವರು, “ಜನರಿಗೆ ತಿಳುವಳಿಕೆ ಕೊಡಿ” ಎಂದರು. ಚೊಚ್ಚಲಕ್ಕೆ ತವರಿಗೆ ಹೋಗಬೇಡಿ ಎಂದು ತಿಳುವಳಿಕೆ ಕೊಡಲು ಹೋದರೆ ನನ್ನನ್ನು ಊರೊಳಗೆ ಕಾಲಿಡಗೊಡುತ್ತಿರಲಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು.

ಹೀಗಿರುವಾಗ ಆ ಟೇಲರ್ ಹುಡುಗಿ ಬಂದಳು. ಗಂಡನ ಮನೆ ಮಸ್ಕಿ ಹತ್ತಿರದ ಹಳ್ಳಿ, ತವರು ಸಿಂಧನೂರು ಪಕ್ಕದ ಗೊರೇಬಾಳ. ಮನೆಯಲ್ಲೇ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಆಶಾ ಕಾರ್ಯಕರ್ತೆಯ ಜೊತೆ ಬಂದವಳು ಕೋಣೆಯನ್ನೆಲ್ಲ ಕಣ್ಣಲ್ಲೇ ಅಳತೆ ತೆಗೆದು, ಹಗ್ಗ ಮುಟ್ಟಿ ನೋಡಿ ಕೇಳಿದಳು: “ಅಕ್ಕಾರ, ಇಲ್ಲಿ ಕುಂತು ಹಡೀಬಹುದಾ? ಅಂಗಾತ ಮಲಗ್ಲೇಬೇಕಂತಿಲ್ಲಾ?”

“ಕುಂತಾದ್ರೂ ಹಡಿ, ನಿಂತಾದ್ರೂ ಹಡಿ. ನಿನ್ನ ಮೈ ಹೇಳ್ದಂಗ” ಎಂದೆ.

“ಹಂಗಾರ ನಾ ಇಲ್ಲೇ ಹಡಿಯಾಕಿ.”

ಇಷ್ಟು ಸಲೀಸಾಗಿ ಯಾರೂ ನನ್ನನ್ನು ಆರಿಸಿಕೊಂಡಿರಲಿಲ್ಲ. ಕಾರಣ ಕೇಳಿದೆ. ಆಕೆಯ ಅಕ್ಕನಿಗೆ ಆಪರೇಶನ್ ಮಾಡಿ ಮಗು ತೆಗೆದಿದ್ದರು, ಹೊಲಿಗೆ ಕೀವಾಗಿ ಎರಡು ತಿಂಗಳು ಏಳಲಾಗಲಿಲ್ಲ. ಅಕ್ಕನ ಗಾಯ ತೊಳೆದು ಬಟ್ಟೆ ಬದಲಿಸಿದವಳು ಇವಳೇ. “ನಾನೂ ಕತ್ತರಿಸಿ ಹೊಲಿಯೋ ಕೆಲ್ಸದಾಕಿನ ರೀ. ಮೈ ಅಂದ್ರ ಬಟ್ಟಿ-ಅರಿವಿ ಅಲ್ಲ ಅಂತ ಅವತ್ತ ಗೊತ್ತಾತು” ಎಂದಳು. ಆಕೆಗೆ ಬೇಕಿದ್ದದ್ದು ಅದೊಂದೇ, ಕತ್ತರಿ ಮುಟ್ಟದೆ ಹೆರುವುದು. ನಾನು ಮಾತು ಕೊಡಲಿಲ್ಲ, ನಮ್ಮ ಕೆಲಸದಲ್ಲಿ ಹಾಗೆ ಮಾತು ಕೊಡಬಾರದು. “ನಾನಂತೂ ನಿನ್ನ ಹತ್ರ ಇರ್ತೀನಿ” ಎಂದಷ್ಟೇ ಹೇಳಿದೆ.

ಪ್ರತಿ ತಿಂಗಳೂ ಬಂದಳು. ರಕ್ತ ಸ್ವಲ್ಪ ಕಡಿಮೆಯಿತ್ತು. ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಮಾತ್ರೆಗಳನ್ನು ಕಸಕ್ಕೆ ಹಾಕುತ್ತಿದ್ದಳು. ಬೈದೆ. ಊಟದ ಮೇಲೆ ನುಂಗಲು ಕಲಿಸಿದೆ, ಮೇಲೇರಿತು. ರಕ್ತದೊತ್ತಡ ಸರಿಯಿತ್ತು, ಸ್ಕ್ಯಾನ್‌ನಲ್ಲಿ ಮಗು ಚೆನ್ನಾಗಿತ್ತು. ನಮ್ಮ ಹೆರಿಗೆ ತಜ್ಞೆ, ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದವರು, ಒಮ್ಮೆ ಪರೀಕ್ಷಿಸಿ, “ಇವರು ನಿಮ್ಮವರೇ ಸಿಸ್ಟರ್, ನನ್ನ ಅವಶ್ಯಕತೆ ಬೀಳಲ್ಲ” ಎಂದು ನಕ್ಕರು. ಆ ಕೋಣೆ ಆಗಬೇಕು ಎಂದು ಹಟ ಹಿಡಿದು ಮೇಲಿನವರಿಗೆ ಬರೆದವರು ಅವರೇ. ಹಾಸನದ ಕಡೆಯವರು, ನಮ್ಮ ಬಿಸಿಲಿಗೆ ಬಾಡಿ ಹೋಗಿದ್ದರೂ ವರ್ಗ ಕೇಳಿರಲಿಲ್ಲ. ಟೇಲರ್ ಹುಡುಗಿ ನಮ್ಮ ಕಿಟಕಿಗೆ ತಾನೇ ಅಳತೆ ತೆಗೆದು ಒಂದು ಪರದೆ ಹೊಲಿದು ತಂದಳು. ಹೊರಗೆ ಓಡಾಡುವ ಗಂಡಸರಿಗೆ ಒಳಗೆ ಕಾಣಿಸುತ್ತದೆ, ನಿಮಗೆ ಅದು ಹೊಳೆಯಲಿಲ್ಲವೇ ಎಂದು ನನ್ನನ್ನೇ ಗದರಿಸಿದಳು.

ಏಳನೇ ತಿಂಗಳು ಕಳೆಯುತ್ತಿದ್ದಂತೆ ಆಕೆಯ ತಾಯಿ ಬಂದರು. ಗಟ್ಟಿ ಹೆಂಗಸು. ಗದ್ದೆಯಲ್ಲಿ ನಾಟಿ ಹಚ್ಚುವ ಆಳುಗಳ ಗುಂಪು ನಡೆಸುವವರು, ದನಿಯೂ ಆ ಕೆಲಸಕ್ಕೆ ತಕ್ಕಂತೆಯೇ ಇತ್ತು.

“ಸಿಂಧನೂರಾಗ ನಮ್ಮ ದೊಡ್ಡಾಕಿದು ಮಾಡಿದ ಡಾಕ್ಟ್ರು ಅದಾರ. ಅಲ್ಲೇ ಹೆಸ್ರು ಹಚ್ಚಿ ಬಂದೀನಿ” ಎಂದರು.

“ಆ ದೊಡ್ಡಾಕಿ ಎರಡ್ ತಿಂಗ್ಳ ಮಲಗಿದ್ದು ಮರ್ತಿಯೇನಬೇ?” ಎಂದಳು ಮಗಳು.

“ಜೀವಂತ ಅದಾಳಿಲ್ಲ? ಕೂಸೂ ಐತಿಲ್ಲ?” ತಾಯಿ ನನ್ನ ಕಡೆ ತಿರುಗಿದರು. “ನಮ್ಮವ್ವನ ಕಾಲ್ದಾಗ ಸೂಲಗಿತ್ತಿ ಮನಿಗೇ ಬರ್ತಿದ್ಲು. ಅದನ್ನ ಬಿಟ್ಟು ಆಸ್ಪತ್ರಿಗೆ ಬರ್ರಿ ಅಂತ ನೀವ ಬಡ್ಕೊಂಡ್ರಿ. ಬಂದ್ರ, ಆಸ್ಪತ್ರ್ಯಾಗೂ ಸೂಲಗಿತ್ತಿನೇ ಕುಂದ್ರಿಸೀರಿ.”

ನನಗೆ ಸಿಟ್ಟು ಬಂತು, ನಗುವೂ ಬಂತು. ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ನಾನೂ ಸೂಲಗಿತ್ತಿಯೇ, ಆದರೆ ಪಕ್ಕದ ಕೋಣೆಯಲ್ಲಿ ಡಾಕ್ಟರಮ್ಮ ಇರುತ್ತಾರೆ, ಎದುರಿಗೆ ಆಪರೇಶನ್ ಕೋಣೆ ಇದೆ ಎಂದು ತೋರಿಸಿದೆ. ಡಾಕ್ಟರಮ್ಮನೇ ಬಂದು ಕೂತು ಮಾತಾಡಿದರು. ತಾಯಿ ಅರ್ಧ ಕರಗಿದರು. ಉಳಿದರ್ಧ ತವರಿನ ಪ್ರಶ್ನೆ. ಚೊಚ್ಚಲವನ್ನು ಗಂಡನ ಮನೆಯಲ್ಲಿ ಬಿಟ್ಟರೆ, ಮಗಳಿಗೆ ಒಂದು ಬಾಣಂತನ ಮಾಡುವ ಶಕ್ತಿಯಿಲ್ಲವೇ ಎಂದು ಜನ ಕೇಳುತ್ತಾರೆ. ಗಂಡನ ಮನೆಯವರೂ ಇಟ್ಟುಕೊಳ್ಳಲು ತಯಾರಿರಲಿಲ್ಲ. “ನಮ್ಗೂ ಶೋಭಾ ಅಲ್ರಿ ಅದು” ಎಂದರು ಅತ್ತೆ.

ದಾರಿ ಹುಡುಕಿದವಳು ಹುಡುಗಿಯೇ. “ತವರು ಅಂದ್ರ ಏನಬೇ? ನೀ ಹೂಡಿದ ಒಲಿ, ನೀ ಮಾಡಿದ ಅಡಿಗಿ. ಆ ಒಲಿ ಇಲ್ಲೇ ತಂದು ಹೂಡು” ಎಂದಳು. ತಾಯಿ ಬೀಗಿತಿಯ ಮುಖ ನೋಡಿದರು. ಅತ್ತೆ, “ಅಕಿ ಹೇಳೋದು ಖರೇನ ಐತಿ ಬೀಗ್ತಿ” ಎಂದರು.

ಕುಬಸ ಗೊರೇಬಾಳದಲ್ಲೇ ಆಯಿತು. ಉಡಿ ತುಂಬಿದ ಮೇಲೆ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಆಸ್ಪತ್ರೆಯ ಹಿಂದಿನ ಓಣಿಗೆ ಬಂದರು. ಒಂದು ಬಾಡಿಗೆ ಕೋಣೆ. ಅದರ ಮುಂದೆ ಗೊರೇಬಾಳದ ಗದ್ದೆ ಮಣ್ಣಿನಿಂದಲೇ ಒಲೆ ಹೂಡಿದರು. ಅಕ್ಕಿ, ಜೋಳ, ಖಾರದಪುಡಿ, ಬಾಣಂತಿಯ ಉಂಡೆಗೆ ಬೇಕಾದ ಅಂಟು, ಕೊಬ್ಬರಿ ಎಲ್ಲ ಆಟೋದಲ್ಲಿ ಬಂದವು. ಆಶಾ ಕಾರ್ಯಕರ್ತೆಯಿಂದ ಹಿಡಿದು ಆಯಾವರೆಗೆ ನಾವೆಲ್ಲ ಹೋಗಿ ಆ ತವರನ್ನು ನೋಡಿ ಬಂದೆವು. ನನಗೆ ಎಷ್ಟು ಸಂತೋಷವಾಗಿತ್ತು ಎಂದರೆ, ಅವತ್ತು ಮನೆಗೆ ಹೋಗಿ ಹೋಳಿಗೆ ಮಾಡಿದೆ. ಒಬ್ಬ ಬಸುರಿ ಕೊನೆಗೂ ಮೂರನೇ ತಿಂಗಳಿಂದ ಹೆರಿಗೆಯವರೆಗೆ ನನ್ನ ಕೈಯಲ್ಲೇ ಉಳಿದಳು.

ಆಮೇಲಿನ ಕೆಲವು ವಾರ ಒಳ್ಳೆಯವು. ಹುಡುಗಿ ಸಂಜೆ ಕೋಣೆಗೆ ಬಂದು ಚೆಂಡಿನ ಮೇಲೆ ಕೂತು ಸೊಂಟ ತಿರುಗಿಸುತ್ತಿದ್ದಳು, ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ದಿನ ಯಾರೂ ಇಲ್ಲವೆಂದು ತಾವೂ ಚೆಂಡಿನ ಮೇಲೆ ಕೂತು ಉರುಳಿ ಬಿದ್ದರು. ಬೇನೆ ಬಂದಾಗ ಬೆನ್ನಿನ ಕೆಳಗೆ ಎಲ್ಲಿ, ಹೇಗೆ ಅಂಗೈ ಒತ್ತಬೇಕು ಎಂದು ಅವರಿಗೆ ಕಲಿಸಿದೆ. ಸಸಿ ಕಿತ್ತು ಗಟ್ಟಿಯಾದ ಕೈಗಳು, ಒಂದೇ ಸಲಕ್ಕೆ ಕಲಿತವು. “ಏ ಸೂಲಗಿತ್ತಿ, ಉಂಡೇನ?” ಎಂದು ಓಣಿಯಿಂದಲೇ ಕೂಗುವಷ್ಟು ಸಲಿಗೆ ಬೆಳೆಯಿತು.

ಅಷ್ಟರಲ್ಲಿ ಡಾಕ್ಟರಮ್ಮನಿಗೆ ನಿಯೋಜನೆಯ ಆದೇಶ ಬಂತು. ಜಿಲ್ಲೆಯ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ವಾರದ ಮೊದಲ ಮೂರು ದಿನ ಕೆಲಸ ಮಾಡಬೇಕು. ಯಾಕೆಂದರೆ ಅಲ್ಲಿನ ಹೆರಿಗೆ ತಜ್ಞೆ ತಾವೇ ಚೊಚ್ಚಲ ಹೆರಿಗೆಗೆಂದು ರಜೆ ಹಾಕಿ ತವರಿಗೆ ಹೋಗಿದ್ದರು. ಯಾರ ಮೇಲೆ ಸಿಟ್ಟಾಗುವುದು? ಡಾಕ್ಟರಮ್ಮ ಆದೇಶವನ್ನು ಮಡಚಿ ಪರ್ಸಿನಲ್ಲಿಟ್ಟು, “ಅಲ್ಲಿಗೂ ಯಾರಾದರೂ ಹೋಗಲೇಬೇಕಲ್ಲ ಸಿಸ್ಟರ್” ಎಂದರು. ತಜ್ಞರಿಲ್ಲದ ದಿನ ಚೊಚ್ಚಲದವರನ್ನು ಇಟ್ಟುಕೊಳ್ಳಬಾರದು, ಮುಂದಕ್ಕೆ ಕಳಿಸಬೇಕು ಎಂಬುದು ನಮ್ಮಲ್ಲಿ ಹಿಂದೆ ಒಂದು ಅನಾಹುತವಾದ ಮೇಲೆ ಮಾಡಿಕೊಂಡ ನಿಯಮ. ಸಣ್ಣ ಕೇಂದ್ರಗಳಲ್ಲಿ ಡಾಕ್ಟರೇ ಇಲ್ಲದೆ ನರ್ಸುಗಳು ಹೆರಿಗೆ ಮಾಡಿಸುತ್ತಾರೆ, ತರಬೇತಿ ಪಡೆದ ನಾನು ಮಾಡಿಸಬಾರದು. ಇದರ ನ್ಯಾಯವೇನು ಎಂದು ಕೇಳುವ ಜಾಗ ನನಗೆ ಗೊತ್ತಿರಲಿಲ್ಲ. ಬೇನೆ ಬುಧವಾರ ಕಳೆದು ಬರಲಿ ಎಂದು ನಾನೂ ಡಾಕ್ಟರಮ್ಮನೂ ಬಾಯಿಬಿಟ್ಟು ಹೇಳದೆ ಹಾರೈಸಿದೆವು. ಆ ನಿಯಮವನ್ನು ತಾಯಿ ಮಗಳಿಗೂ ತಿಳಿಸಿದೆ. ತಾಯಿ, “ಹಂಗಾರ ಸೋಮಾರ, ಮಂಗ್ಳಾರ, ಬುಧವಾರ ಕೂಸು ಒಳಗ ಕುಂದ್ರಬೇಕಂತ?” ಎಂದು ಜೋರಾಗಿ ನಕ್ಕರು. ಹುಡುಗಿ ನಗಲಿಲ್ಲ.

ಬೇನೆ ಶುರುವಾದದ್ದು ಮಂಗಳವಾರ ಬೆಳಗ್ಗೆ.

ನಾನು ಡ್ಯೂಟಿಗೆ ಬರುವ ಹೊತ್ತಿಗೆ ಇಬ್ಬರೂ ಕೋಣೆಯ ಮುಂದೆ ನಿಂತಿದ್ದರು. ಗರ್ಭಕೋಶದ ಬಾಯಿ ಅರ್ಧ ತೆರೆದುಕೊಂಡಿತ್ತು, ನೀರು ಒಡೆದಿತ್ತು, ತಿಳಿಯಾಗಿತ್ತು. ಮಗುವಿನ ಎದೆಬಡಿತ ಚೆನ್ನಾಗಿತ್ತು. ಹೊಟ್ಟೆಯ ಮೇಲೆ ಕೈಯಾಡಿಸಿದಾಗ ಮಾತ್ರ ಮನಸ್ಸು ಕುಂದಿತು. ಮಗು ತಲೆ ಕೆಳಗಾಗಿಯೇ ಇತ್ತು, ಆದರೆ ಅದರ ಬೆನ್ನು ಹುಡುಗಿಯ ಬೆನ್ನಿನ ಕಡೆಗೆ ಹೊರಳಿತ್ತು. ಇಂಥ ಮಕ್ಕಳು ದಾರಿಯಲ್ಲಿ ತಿರುಗಿಕೊಳ್ಳಬೇಕು. ಬಹಳಷ್ಟು ತಿರುಗಿಕೊಳ್ಳುತ್ತವೆ, ಆದರೆ ಹೊತ್ತು ತೆಗೆದುಕೊಳ್ಳುತ್ತವೆ, ಅಲ್ಲಿಯವರೆಗೆ ನೋವೆಲ್ಲ ಸೊಂಟದಲ್ಲಿ. “ಸೊಂಟ ಮುರಿಯಾಕತ್ತೈತ್ರಿ ಅಕ್ಕಾರ” ಎಂದಳು.

ಆಗಲೇ ಕಳಿಸಬೇಕಿತ್ತು ನಿಯಮದ ಪ್ರಕಾರ. ಡಾಕ್ಟರಮ್ಮನಿಗೆ ಫೋನು ಮಾಡಿದೆ. “ಸ್ವಲ್ಪ ನೋಡಿ. ಹೆರಿಗೆ ಮುಂದೆ ಹೋಗ್ತಿದೆ ಅನಿಸಿದರೆ ಅಲ್ಲೇ ಇಟ್ಟುಕೊಳ್ಳಿ, ನಾನೇ ಮೇಲಿನವರ ಹತ್ತಿರ ಮಾತಾಡ್ತೀನಿ” ಎಂದರು. ಅವರಿದ್ದಲ್ಲಿಂದ ಹೊರಟರೆ ಬರಲು ಅರ್ಧ ದಿನ, ಅಲ್ಲೂ ಅವರ ಮುಂದೆ ಸಾಲು ಹಿಡಿದು ಬಸುರಿಯರು ಕೂತಿದ್ದರು.

ಅವಳನ್ನು ಮಂಡಿಯೂರಿಸಿದೆ, ಕೈ ಊರಿ ಮಗುವಿನಂತೆ ಅಂಬೆಗಾಲಿಡಿಸಿದೆ, ಓಣಿಯ ಗೋಡೆ ಹಿಡಿದು ನಡೆಸಿದೆ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ಸೊಂಟ ವಾಲಿಸಲು ಹೇಳಿದೆ. ಬೇನೆ ಬಂದಾಗಲೆಲ್ಲ ತಾಯಿ ಬೆನ್ನು ಒತ್ತುತ್ತಿದ್ದರು. ಹುಡುಗಿ ಹಗ್ಗಕ್ಕೆ ಜೋತುಬಿದ್ದು ನಾನು ಹೇಳಿಕೊಟ್ಟಂತೆ ಉಸಿರು ಬಿಡುತ್ತಿದ್ದಳು, ಒಂದು ಸಲವೂ ಚೀರಲಿಲ್ಲ. ಅಷ್ಟು ಚೆನ್ನಾಗಿ ಬೇನೆ ತಿಂದವರನ್ನು ನಾನು ಕಂಡಿಲ್ಲ. ಇದು ಆಗೇ ಆಗುತ್ತದೆ ಎಂದು ನನಗೆ ಅನ್ನಿಸಿಬಿಟ್ಟಿತ್ತು.

ಮಧ್ಯಾಹ್ನ ಮತ್ತೆ ಪರೀಕ್ಷೆ ಮಾಡಿದೆ. ಬಾಯಿ ಬೆಳಗ್ಗೆ ಎಷ್ಟು ತೆರೆದಿತ್ತೋ ಅಷ್ಟೇ. ಮಗು ತಿರುಗಿರಲಿಲ್ಲ.

ಎದೆಬಡಿತ ಇನ್ನೂ ಚೆನ್ನಾಗಿತ್ತು. ಹುಡುಗಿಗೆ ಶಕ್ತಿ ಇತ್ತು. ಪಕ್ಕದ ಕೋಣೆಯಲ್ಲಿ ಡಾಕ್ಟರಮ್ಮ ಇದ್ದಿದ್ದರೆ ನಾನು ಸಂಜೆಯವರೆಗೆ ಕಾಯುತ್ತಿದ್ದೆ. ಅವರು ಬಂದು ನೋಡಬೇಕೆಂದೂ ಇರಲಿಲ್ಲ, ಆ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರೂ ಸಾಕಿತ್ತು. ಮಿಡ್‌ವೈಫೋ ಡಾಕ್ಟರೋ ಎಂದು ಜನ ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ, ಇಬ್ಬರೂ ಬೇರೆ ಬೇರೆ ಅಂಗಡಿ ತೆರೆದವರಂತೆ. ನನ್ನ ಕೈಲಿದ್ದ ವಿದ್ಯೆಯಲ್ಲಿ ಹೆಚ್ಚಿನ ಪಾಲು ಕಾಯುವುದು. ಕಾಯುವ ಧೈರ್ಯ ಬರುತ್ತಿದ್ದದ್ದು ಡಾಕ್ಟರಮ್ಮ ಪಕ್ಕದಲ್ಲಿದ್ದರೆ. ಅವರು ಇಲ್ಲದ ದಿನ ನಾನು ಅರ್ಧ ಮಿಡ್‌ವೈಫ್ ಕೂಡ ಅಲ್ಲ. ಸಂಜೆ ಏನಾದರೂ ಹೆಚ್ಚುಕಡಿಮೆಯಾದರೆ ಕಳಿಸುವ ದಾರಿ ಆಗಲೂ ಇಷ್ಟೇ ಉದ್ದ ಇರುತ್ತದೆ, ಮಗುವಿಗೆ ಮಾತ್ರ ಅಷ್ಟು ಹೊತ್ತು ಇರುವುದಿಲ್ಲ. ಕಳಿಸುವುದಾದರೆ ಎಲ್ಲ ಚೆನ್ನಾಗಿರುವಾಗಲೇ ಕಳಿಸಬೇಕು.

ಮತ್ತೆ ಫೋನು ಮಾಡಿದೆ. ಡಾಕ್ಟರಮ್ಮ ಪೂರ್ತಿ ಕೇಳಿ, “ನಾನಿದ್ದಿದ್ದರೆ ಕಾಯಿರಿ ಅಂತಿದ್ದೆ” ಎಂದರು. ಆಮೇಲೆ, “ಕಳಿಸಿ” ಎಂದರು.

ಹುಡುಗಿಯ ಮುಂದೆ ನೆಲದ ಮೇಲೆ ಕೂತು ಹೇಳಿದೆ. ಅವಳು ಹಗ್ಗ ಬಿಡಲಿಲ್ಲ. “ನನಗೇನಾಗೈತಿ?”

“ನಿನಗೇನಾಗಿಲ್ಲ.”

“ಕೂಸಿಗೆ?”

“ಕೂಸಿಗೂ ಏನಾಗಿಲ್ಲ.”

“ಏನೂ ಆಗದಿದ್ರ ಯಾಕ್ ಕಳಿಸ್ತೀರಿ?”

ಇದಕ್ಕೆ ನಾನು ಹೇಳಿದ್ದು ಅವಳಿಗೆ ತಲುಪಲಿಲ್ಲ, ನಡುವೆ ಇನ್ನೊಂದು ಬೇನೆ ಬಂತು. ಅದು ಇಳಿದ ಮೇಲೆ ಹಗ್ಗ ಬಿಟ್ಟು, ತಾಯಿಯ ಭುಜ ಹಿಡಿದು ಎದ್ದಳು. ನಾನು ಹೇಳಿರಲಿಲ್ಲವೇ ಎಂದು ತಾಯಿ ಕೂಗುತ್ತಾರೆ ಎಂದುಕೊಂಡಿದ್ದೆ, ಕೂಗಿದ್ದರೆ ಹಗುರವಾಗುತ್ತಿತ್ತು. ಮಂಗಳವಾರ ತವರಿನಿಂದ ಮಗಳನ್ನು ಹೊರಗೆ ಕಳಿಸುವುದಿಲ್ಲ ಎಂಬುದಷ್ಟೇ ಅವರಿಗೆ ನೆನಪಾಯಿತು. ಓಣಿಗೆ ಓಡಿಹೋಗಿ ಒಲೆಗೆ ನೀರು ಸುರಿದು, ಮೇಲೆ ಕೂತಿದ್ದ ಅನ್ನದ ಪಾತ್ರೆಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದರು. “ಒಲಿ ಆರ್ಸೀನಿ. ಇನ್ನ ಇದು ತವರಲ್ಲ, ಹೋಗಬಹುದು” ಎಂದರು.

ಆಂಬುಲೆನ್ಸ್ ಬಂತು. ವಾರ್ಡಿನಲ್ಲಿ ಚೊಚ್ಚಲದವರಲ್ಲದ ಬೇರೆ ಇಬ್ಬರು ಬೇನೆ ತಿನ್ನುತ್ತಿದ್ದರು, ಡ್ಯೂಟಿಯಲ್ಲಿ ನಾನೊಬ್ಬಳೇ. ಬಾಗಿಲು ಹಾಕುವ ಮುಂಚೆ ಹುಡುಗಿ ತಲೆ ಎತ್ತಿದಳು. “ನೀವ್ ಬರಂಗಿಲ್ರೀ?”

ಇಲ್ಲ ಎಂದು ತಲೆಯಾಡಿಸಿದೆ.

ಸಂಜೆ ತಾಯಿಯ ಫೋನು ಬಂತು. ಹೆಣ್ಣು ಮಗು. ಸಿಂಧನೂರಿಗೆ ಹೋದ ಸ್ವಲ್ಪ ಹೊತ್ತಿಗೇ ಆಪರೇಶನ್ ಮಾಡಿದರಂತೆ. “ಇಬ್ರೂ ಆರಾಮ ಅದಾರ. ನೀ ಉಣ್ಣು” ಎಂದರು. ಅಲ್ಲಿನ ಡಾಕ್ಟರದ್ದು ತಪ್ಪು ಎನ್ನಲಾರೆ. ನೀರು ಒಡೆದು ಹೊತ್ತಾದ ಚೊಚ್ಚಲದವಳು, ಮುಂದೆ ಹೋಗದ ಬೇನೆ, ಗುರುತಿಲ್ಲದ ಮುಖ. ಅವರ ಜಾಗದಲ್ಲಿ ನಿಂತವರು ಇನ್ನೇನು ಮಾಡಿಯಾರು. ಇನ್ನಷ್ಟು ಹೊತ್ತು ಬಿಟ್ಟಿದ್ದರೆ ಮಗು ತಿರುಗುತ್ತಿತ್ತೋ ಇಲ್ಲವೋ ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಓಣಿಯಲ್ಲಿ ಒಲೆಯ ಗುರುತು ಬಹಳ ದಿನ ಉಳಿದಿತ್ತು, ನಾನು ಆ ದಾರಿ ಬಿಟ್ಟು ಮುಂದಿನ ಗೇಟಿನಿಂದ ಓಡಾಡಿದೆ.

ಡಾಕ್ಟರಮ್ಮನ ನಿಯೋಜನೆ ಮುಂದುವರಿಯಿತು, ಮೂರು ದಿನ ನಾಲ್ಕಾಯಿತು. ಚೊಚ್ಚಲದವರು ವಾರ ನೋಡಿಕೊಂಡು ಬರುವ ಸ್ಥಿತಿ ತಿಳಿದ ಮೇಲೆ ಜನ ಬರುವುದನ್ನೇ ಬಿಟ್ಟರು. ಚೆಂಡಿನ ಗಾಳಿ ಇಳಿಯಿತು, ಲಸಿಕೆ ಇಡುವ ಡಬ್ಬಿಗಳು ಒಂದೊಂದಾಗಿ ನಮ್ಮ ಕೋಣೆಗೆ ಬಂದು ಸೇರಿದವು. ಬೋರ್ಡು ಮಾತ್ರ ತೆಗೆಯಲಿಲ್ಲ.

ಮೊನ್ನೆ ಆ ಹುಡುಗಿ ಬಂದಿದ್ದಳು. ಮತ್ತೆ ಬಸುರಿ. ಕಂಕುಳಲ್ಲಿದ್ದ ಮಗಳು ನನ್ನ ಗುರುತಿನ ಚೀಟಿಯ ದಾರ ಹಿಡಿದೆಳೆಯಿತು. ಹೊರಗೆ ಅತ್ತೆ ಬೆಂಚಿನ ಮೇಲೆ ಕೂತಿದ್ದರು. ಹುಡುಗಿಯ ಮುಖ ಎಷ್ಟು ಗೆಲುವಾಗಿತ್ತು ಎಂದರೆ ನನಗೆ ಆಗಲೇ ಭಯವಾಯಿತು.

“ಈ ಸಲ ರಗಳೇನ ಇಲ್ರಿ ಅಕ್ಕಾರ. ಎರಡನೇದು ಗಂಡನ ಮನ್ಯಾಗ ಹಡೀಬೇಕು. ತವರು, ಒಲಿ, ಏನೂ ಹೊತ್ಕೊಂಡ್ ಬರೋದು ಬ್ಯಾಡ. ನಮ್ಮತ್ತಿನೂ ಹೂಂ ಅಂದಾರ. ಡಾಕ್ಟ್ರಮ್ಮ ಇರೋ ದಿನ ನೋಡ್ಕೊಂಡ ಹಡಿತೀನಿ” ಎಂದು ನಕ್ಕಳು.

ಮಲಗಿಸಿ ಹೊಟ್ಟೆ ನೋಡಿದೆ. ಗಾಯ ಚೆನ್ನಾಗಿ ಮಾಗಿತ್ತು, ಅಕ್ಕನಿಗಾದಂತೆ ಆಗಿರಲಿಲ್ಲ. ದಾರದಷ್ಟು ತೆಳ್ಳಗಿನ ಒಂದು ಗೆರೆ, ಅಷ್ಟೇ. ಹಗಲು ರಾತ್ರಿ ಆಪರೇಶನ್ ಕೋಣೆ, ಡಾಕ್ಟರು, ಅರಿವಳಿಕೆ ಕೊಡುವವರು ಎಲ್ಲ ಕಾದು ಕೂತಿರುವ ದೊಡ್ಡ ಆಸ್ಪತ್ರೆಯಲ್ಲಾದರೆ ಇಂಥವರೂ ಮುಂದಿನ ಸಲ ತಾವಾಗಿ ಹೆರಬಹುದು. ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಕಡೆ ಹಾಗೆ ಕಾಯುತ್ತೇವೆ ಎನ್ನುವವರನ್ನು ನಾನು ಕಂಡಿಲ್ಲ. ಒಮ್ಮೆ ಕತ್ತರಿ ಬಿದ್ದವಳನ್ನು ನನ್ನ ಕೋಣೆಯೊಳಗೆ ತೆಗೆದುಕೊಳ್ಳುವಂತೆಯೇ ಇಲ್ಲ, ಡಾಕ್ಟರಮ್ಮ ಏಳೂ ದಿನ ಇದ್ದರೂ ಇಲ್ಲ. ಆ ಮಂಗಳವಾರ ನಾನು ಕಳಿಸಿದ್ದು ಒಂದು ಹೆರಿಗೆಯನ್ನಲ್ಲ, ಅವಳ ಎಲ್ಲ ಹೆರಿಗೆಗಳನ್ನೂ.

ಹೇಳಿದೆ. ಇದನ್ನು ಮೆತ್ತಗೆ ಹೇಳುವ ರೀತಿ ಯಾವುದೂ ಇಲ್ಲ.

ಅವಳು ಎದ್ದು ಕೂತು ಸೀರೆ ಸರಿಮಾಡಿಕೊಂಡಳು. ಡಬ್ಬಿಗಳ ಹಿಂದೆ ತಾನು ಹೊಲಿದ ಪರದೆ ಇನ್ನೂ ತೂಗುತ್ತಿತ್ತು, ಅದನ್ನೇ ನೋಡಿದಳು. “ಮೊದಲ್ನೇದಕ ಹಂಗಾತು. ಎರಡನೇದಕ ಹಿಂಗ ಅಂತೀರಿ. ಈ ಕೋಣಿ ಯಾರಿಗಂತ ಇಟ್ಟೀರಿ ಅಕ್ಕಾರ?”

“ಗೊತ್ತಿಲ್ಲವ್ವ” ಎಂದೆ.

ಮಗಳನ್ನು ಎತ್ತಿಕೊಂಡು ಹೊರಗೆ ಹೋದಳು. “ಏನಂದ್ರು?” ಎಂದು ಅತ್ತೆ ಕೇಳಿದ್ದು ಕೇಳಿಸಿತು.

“ಸಿಂಧನೂರಿಗೆ ಹೋಗಿ ಆಪರೇಶನ್ ತಾರೀಖು ಹಾಕಿಸ್ಕೊಳ್ರಿ ಅಂದ್ರು” ಎಂದಳು.